ಶಂಕಗಿರಿಯಿಂದ ಪೈಯಂಪಳ್ಳಿಯವರೆಗೆ: ಸೇಲಂ–ಧರ್ಮಪುರಿ ಬೆಟ್ಟಸೀಮೆಯ ನವಶಿಲಾಯುಗದ ಬೆಳೆಗಳ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಪಶ್ಚಿಮಕ್ಕೆ ಕಾವೇರಿ, ಈಶಾನ್ಯಕ್ಕೆ ಶೆವರಾಯ್ ಬೆಟ್ಟಸಾಲು. ಇವೆರಡರ ನಡುವಿನ ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತ ಕಲ್ಲುಬೆಟ್ಟ ಶಂಕಗಿರಿ. ಇದರ ಲಿಖಿತ ಇತಿಹಾಸ ಬಹುಮಟ್ಟಿಗೆ ಕೋಟೆಯದು: ಮೈಸೂರಿನ ಆಳ್ವಿಕೆ, 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ ಕಂಪನಿಗೆ ಹಸ್ತಾಂತರ, 1805ರಲ್ಲಿ ಧೀರನ್ ಚಿನ್ನಮಲೈಯವರ ಗಲ್ಲು. ಈ ಟಿಪ್ಪಣಿಗೆ ಶಂಕಗಿರಿ ಭೂಗೋಳದ ಆರಂಭಬಿಂದು ಮಾತ್ರ. ಇಲ್ಲಿಂದ ಶೆವರಾಯ್, ಚಿತ್ತೇರಿ, ಜವ್ವಾದಿ ಸಾಲುಗಳತ್ತ ಹಬ್ಬಿದ ಬೆಟ್ಟಸೀಮೆಯಲ್ಲಿ ನವಶಿಲಾಯುಗದ ಬೇಸಾಯಕ್ಕೆ ಯಾವ ಆಕರಗಳಿವೆ, ಅವು ಎಷ್ಟು ಭಾರ ಹೊರಬಲ್ಲವು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

'ಬೇಸಾಯದ ತವರು' ಎಂಬ ಮಾತನ್ನು ಈ ಸೀಮೆಯ ಬಗ್ಗೆ ಬಳಸುವಾಗ ಮೂರು ಬೇರೆ ಬೇರೆ ಸಂಗತಿಗಳು ಬೆರೆತುಹೋಗುತ್ತವೆ: ಬೆಳೆಯ ಕಾಡುಪೂರ್ವಜ ಬೆಳೆಯುವ ಜಾಗ, ಆ ಬೆಳೆ ಮೊದಲು ಸಾಗುವಳಿಗೆ ಬಂದ ಜಾಗ, ಸುಟ್ಟ ಕಾಳು ಉತ್ಖನನದಲ್ಲಿ ಸಿಕ್ಕ ಜಾಗ. ಈ ಮೂರೂ ಒಂದೇ ಆಗಬೇಕೆಂದಿಲ್ಲ. ಟರ್ಕಿಯ ಕರಾಜದಾಗ್ ಬೆಟ್ಟವನ್ನು ಐನ್‌ಕಾರ್ನ್ ಗೋಧಿಯ ತವರೆಂದು 1997ರ ತಳಿವಿಜ್ಞಾನದ ಅಧ್ಯಯನವೊಂದು ಗುರುತಿಸಿದ ಮೇಲೆ 'ಒಂದು ಬೆಟ್ಟ, ಒಂದು ಬೆಳೆ' ಎಂಬ ಚಿತ್ರ ಬಹಳ ಕಡೆ ಹರಡಿತು. ಆ ಬೆಟ್ಟದ ವಿಷಯದಲ್ಲೇ ಅದು ಮುಂದೆ ಚರ್ಚೆಗೊಳಗಾಗಿದೆ. ದಕ್ಷಿಣ ಭಾರತದ ಆಕರಗಳಿಗೆ ಆ ಅಚ್ಚು ಹೊಂದುವಂತೆ ಕಾಣುವುದಿಲ್ಲ.

2. 'ಸೇಲಂ ಜಿಲ್ಲೆ' ಎಂದರೆ ಯಾವುದು

ಹಳೆಯ ವರದಿಗಳಲ್ಲಿನ ಜಿಲ್ಲೆಯ ಹೆಸರುಗಳನ್ನು ಇಂದಿನ ನಕ್ಷೆಯ ಮೇಲೆ ಹಾಗೆಯೇ ಇಟ್ಟರೆ ಎಣಿಕೆ ತಪ್ಪುತ್ತದೆ. ಕಂಪನಿ ಕಾಲದ ಸೇಲಂ ಮೂರು ಸೀಮೆಗಳ ಕೂಡಿಕೆ: ಶಂಕಗಿರಿಯನ್ನೂ ಒಳಗೊಂಡ ತಲಘಾಟ್, ಕೃಷ್ಣಗಿರಿ–ಧರ್ಮಪುರಿ–ತಿರುಪ್ಪತ್ತೂರುಗಳ ಬಾರಾಮಹಲ್, ಹೊಸೂರಿನ ಬಾಲಾಘಾಟ್. ಮೊದಲೆರಡು 1792ರಲ್ಲಿ ಬಂದವು. ಬಾಲಾಘಾಟ್ ಬಂದದ್ದು 1799ರಲ್ಲಿ, ಟಿಪ್ಪುವಿನ ಪತನದ ನಂತರ. 1911ರಲ್ಲಿ ತಿರುಪ್ಪತ್ತೂರು ತಾಲ್ಲೂಕು ಉತ್ತರ ಆರ್ಕಾಟಿಗೆ ಹೋಯಿತು. 1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಯಿತು. ಕೊಲ್ಲಿ ಬೆಟ್ಟಗಳನ್ನು ಒಳಗೊಂಡ ನಾಮಕ್ಕಲ್ 1997ರಲ್ಲಿ ಸೇಲಂನಿಂದ, ಕೃಷ್ಣಗಿರಿ 2004ರಲ್ಲಿ ಧರ್ಮಪುರಿಯಿಂದ, ತಿರುಪ್ಪತ್ತೂರು 2019ರಲ್ಲಿ ವೆಲ್ಲೂರಿನಿಂದ ಬೇರ್ಪಟ್ಟವು.

ಇದರ ಪರಿಣಾಮ ಸಣ್ಣದಲ್ಲ. ಹೆನ್ರಿ ಲೆ ಫ್ಯಾನು ಅವರ 1883ರ ಕೈಪಿಡಿಯ ಸೇಲಂ, ಎಫ್. ಜೆ. ರಿಚರ್ಡ್ಸ್ ಅವರ 1918ರ ಗೆಝೆಟಿಯರಿನ ಸೇಲಂ, ಇಂದಿನ ಸೇಲಂ ಇವು ಮೂರು ಬೇರೆ ಬೇರೆ ಭೂಭಾಗಗಳು. ಈ ಸೀಮೆಯ ನವಶಿಲಾಯುಗಕ್ಕೆ ಮುಖ್ಯ ಆಧಾರವಾದ ಪೈಯಂಪಳ್ಳಿಯನ್ನು 1960ರ ದಶಕದ ವರದಿಗಳು ಉತ್ತರ ಆರ್ಕಾಟಿನಲ್ಲಿ ಇರಿಸುತ್ತವೆ. ಆದರೆ 1911ಕ್ಕೆ ಮುಂಚಿನ ಲೆಕ್ಕದಲ್ಲಿ ಅದು ಸೇಲಂನ ಬಾರಾಮಹಲ್. 'ಸೇಲಂನಲ್ಲಿ ಕೊಡಲಿಗಳಿವೆ, ಕಾಳುಗಳಿಲ್ಲ. ಆರ್ಕಾಟಿನಲ್ಲಿ ಕಾಳುಗಳಿವೆ' ಎಂಬಂಥ ಹೋಲಿಕೆಯಲ್ಲಿ ಕಾಣುವ ವ್ಯತ್ಯಾಸ ಭಾಗಶಃ ಕಂದಾಯ ಇಲಾಖೆಯ ಗಡಿಯೆಳೆತದ್ದು. ಈ ಟಿಪ್ಪಣಿಯಲ್ಲಿ ಆದ್ದರಿಂದ ಜಿಲ್ಲೆಗಿಂತ ಬೆಟ್ಟಸಾಲಿನ ಹೆಸರಿಗೆ ಆದ್ಯತೆ.

3. ಶೆವರಾಯ್ ಕೊಡಲಿಗಳು

ಶೆವರಾಯ್ ಬೆಟ್ಟಗಳ ಮೇಲೆ ನಯಗೊಳಿಸಿದ ಕಲ್ಲುಕೊಡಲಿಗಳು ಸಿಗುವುದು ಹತ್ತೊಂಬತ್ತನೆಯ ಶತಮಾನದಿಂದಲೇ ತಿಳಿದ ವಿಷಯ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಸಂಗ್ರಹದ ಪಟ್ಟಿ 1914ರಲ್ಲೂ, ಕಾಲ ಮತ್ತು ಹರವಿನ ಕುರಿತ ಟಿಪ್ಪಣಿಗಳ ಸಂಪುಟ 1916ರಲ್ಲೂ, ಎರಡೂ ಅವರ ಮರಣಾನಂತರ, ಮದರಾಸು ವಸ್ತುಸಂಗ್ರಹಾಲಯದಿಂದ ಪ್ರಕಟವಾದವು. ಈ ಕೊಡಲಿಗಳನ್ನು ಕಾಡು ಕಡಿದು ಹೊಲ ಮಾಡಿದ್ದಕ್ಕೆ ಗುರುತಾಗಿ ಓದುವುದು ರೂಢಿ. ಆ ಓದಿಗೆ ಮೂರು ತೊಡಕುಗಳಿವೆ.

ಮೊದಲನೆಯದು, ಸಂಗ್ರಹದ ಪಕ್ಷಪಾತ. ಫೂಟ್ ನಿವೃತ್ತಿಯ ನಂತರ ನೆಲೆಸಿದ್ದು ಶೆವರಾಯ್ ಮೇಲಿನ ಏರ್ಕಾಡಿನಲ್ಲಿ. ಕಾಫಿ ತೋಟಗಳಿಗಾಗಿ ಅಲ್ಲಿ ನೆಲ ಅಗೆಯುವ ಕೆಲಸ ಆ ಹೊತ್ತಿಗೆ ದಶಕಗಳಿಂದ ನಡೆದಿತ್ತು. ತಿಳಿದ ಕಣ್ಣೂ ಅಗೆದ ಮಣ್ಣೂ ಕೂಡಿದ ಜಾಗದಲ್ಲಿ ಹೆಚ್ಚು ಕೊಡಲಿ ದಾಖಲಾಗುವುದು ಸಹಜ. ಚಿತ್ತೇರಿ, ಮೇಲಗಿರಿಗಳಿಗೆ ಆ ಅನುಕೂಲ ಇರಲಿಲ್ಲ. ಹಾಗಾಗಿ ದಾಖಲೆಯ ಸಾಂದ್ರತೆಯಿಂದ ಜನವಸತಿಯ ಸಾಂದ್ರತೆಯನ್ನು ಊಹಿಸುವುದು ಸರಿಯಾಗಲಾರದು.

ಎರಡನೆಯದು, ಸ್ಥಾನಪಲ್ಲಟ. ಕಲ್ಲುಕೊಡಲಿಯನ್ನು ಪವಿತ್ರವೆಂದು ತಂದು ಊರ ಗುಡಿಯಲ್ಲೋ ಮರದ ಬುಡದಲ್ಲೋ ಇಟ್ಟು ಪೂಜಿಸುವ ರೂಢಿ ದಕ್ಷಿಣದಲ್ಲಿ ವ್ಯಾಪಕವಾಗಿ ದಾಖಲಾಗಿದೆ. ಅಂಥ ಕೊಡಲಿ ಸಿಕ್ಕ ಜಾಗ ಅದನ್ನು ಬಳಸಿದ ಜಾಗವಾಗಿರಬೇಕಿಲ್ಲ.

ಮೂರನೆಯದು, ಉಪಯೋಗ. ಕೊಡಲಿಯಿಂದ ಮರ ಕಡಿಯಬಹುದು; ಆ ಮರ ಹೊಲಕ್ಕಾಗಿ ಬಿತ್ತೋ, ದೊಡ್ಡಿಗಾಗಿ ಬಿತ್ತೋ, ಸೌದೆಗಾಗಿ ಬಿತ್ತೋ ಎಂಬುದನ್ನು ಕೊಡಲಿಯ ಅಂಚು ಹೇಳುವುದಿಲ್ಲ. ಎಫ್. ಆರ್. ಆಲ್ಚಿನ್ 1963ರ ಗ್ರಂಥದಲ್ಲಿ ದಕ್ಷಿಣದ ನವಶಿಲಾಯುಗದವರನ್ನು ಮುಖ್ಯವಾಗಿ ದನಗಾಹಿಗಳೆಂದೇ ನಿರೂಪಿಸಿದ್ದರು. ಅವರ ಆಧಾರ ಉತ್ನೂರಿನ ಬೂದಿದಿಬ್ಬ, ಎಂದರೆ ದನದ ಸಗಣಿ ಸುಟ್ಟ ಬೂದಿಯ ಗುಡ್ಡೆ. ಬೂದಿದಿಬ್ಬಗಳ ನೆಲೆ ಬಳ್ಳಾರಿ, ರಾಯಚೂರು ಮತ್ತು ಅವುಗಳಿಗೆ ಹೊಂದಿದ ತೆಲುಗು ಸೀಮೆ. ಈ ಬೆಟ್ಟಸೀಮೆಯ ನವಶಿಲಾಯುಗಕ್ಕೆ ಬೂದಿದಿಬ್ಬ ಲಕ್ಷಣವಲ್ಲ. ಆದ್ದರಿಂದ ಬಳ್ಳಾರಿಯ ದನಗಾಹಿ ಮಾದರಿಯನ್ನು ಇಲ್ಲಿಗೆ ಪೂರ್ತಿಯಾಗಿ ತರುವುದಕ್ಕೂ ಆಧಾರ ಸಾಲದು.

4. ಪೈಯಂಪಳ್ಳಿ

ಜವ್ವಾದಿ ಬೆಟ್ಟಗಳಿಗೆ ಪಶ್ಚಿಮದಲ್ಲಿರುವ ತಿರುಪ್ಪತ್ತೂರು ಸೀಮೆಯ ಪೈಯಂಪಳ್ಳಿಯನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಪರವಾಗಿ ಎಸ್. ಆರ್. ರಾವ್ 1964–65 ಮತ್ತು 1967–68ರ ಋತುಗಳಲ್ಲಿ ಉತ್ಖನನ ಮಾಡಿದರು. ಲೋಥಲ್ ಉತ್ಖನನದಿಂದ ಹೆಸರಾದವರು ಇವರೇ. ಕೆಳಗಿನ ಪದರಗಳು ನವಶಿಲಾಯುಗದವು, ಮೇಲಿನವು ಬೃಹತ್ ಶಿಲಾ ಸಂಸ್ಕೃತಿಯವು. ನವಶಿಲಾಯುಗದ ಪದರಗಳಲ್ಲಿ ಬೂದುಬಣ್ಣದ ಮಡಕೆ, ನಯಗೊಳಿಸಿದ ಕೊಡಲಿ, ನೆಲ ತೋಡಿ ಮಾಡಿದ ಗುಂಡಿಮನೆಗಳು ವರದಿಯಾಗಿವೆ. ಜತೆಗೆ ಸುಟ್ಟು ಕರಿಯಾದ ಕಾಳುಗಳು: ಹುರಳಿ, ಹೆಸರು. ಕೆಲವು ಪಟ್ಟಿಗಳಲ್ಲಿ ರಾಗಿಯೂ ಸೇರಿದೆ.

ಈ ಮೂರು ಹೆಸರುಗಳಿಗೆ ಒಂದೇ ತೂಕ ಕೊಡಲಾಗದು ಎಂಬುದೇ ಈ ಟಿಪ್ಪಣಿಯ ಮುಖ್ಯ ಹೇಳಿಕೆ.

ಹುರಳಿ, ಹೆಸರು ಎರಡೂ ದ್ವಿದಳ. ಸುಟ್ಟ ಮೇಲೂ ಆಕಾರ ಬಹುಮಟ್ಟಿಗೆ ಉಳಿಯುತ್ತದೆ. ಹುರಳಿ ಚಪ್ಪಟೆ, ಹೆಸರು ಉರುಳೆಯಾಕಾರ. ಹೆಸರು–ಉದ್ದುಗಳ ನಡುವೆ ಗೊಂದಲ ಬರಬಹುದು. ಬೇಳೆ ಬಿಚ್ಚಿಕೊಂಡಿದ್ದರೆ ಒಳಗಿನ ಮೊಳಕೆಯ ಅಚ್ಚು ಎಷ್ಟುದ್ದ ಚಾಚಿದೆ ಎಂಬುದರಿಂದ ಅದನ್ನು ಬಿಡಿಸಬಹುದು: ಹೆಸರಿನಲ್ಲಿ ಉದ್ದ, ಉದ್ದಿನಲ್ಲಿ ಗಿಡ್ಡ. ಈ ಮಾನದಂಡವನ್ನು ಡೋರಿಯನ್ ಫುಲ್ಲರ್ ಮತ್ತು ಎಮ್ಮಾ ಹಾರ್ವೆ 2006ರಲ್ಲಿ ವಿವರವಾಗಿ ನಿರೂಪಿಸಿದರು. ಪೈಯಂಪಳ್ಳಿಯ ಗುರುತಿಸುವಿಕೆ ಇದಕ್ಕಿಂತ ಸುಮಾರು ನಾಲ್ಕು ದಶಕ ಹಿಂದಿನದು ಎಂಬುದನ್ನು ನೆನಪಿನಲ್ಲಿಡಬೇಕು. ಹಾಗಿದ್ದೂ ಹುರಳಿಯ ಗುರುತನ್ನು ಶಂಕಿಸಲು ಕಾರಣ ಕಾಣದು. ಹೆಸರಿನದು ಬಹುಶಃ ಸರಿ.

ರಾಗಿಯ ವಿಷಯ ಬೇರೆ.

5. ರಾಗಿ: ಒಂದು ಗುರುತಿನ ಸಮಸ್ಯೆ

ರಾಗಿಯ ಕಾಡುಪೂರ್ವಜ ಇರುವುದು ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ. ಅದು ಭಾರತಕ್ಕೆ ಬಂದ ಬೆಳೆ ಎಂಬುದರಲ್ಲಿ ಇಂದು ಸಸ್ಯವಿಜ್ಞಾನಿಗಳ ನಡುವೆ ಗಣನೀಯ ಭಿನ್ನಾಭಿಪ್ರಾಯವಿಲ್ಲ. ಪ್ರಶ್ನೆ ಯಾವಾಗ ಎಂಬುದು. ಎಂ. ಎಸ್. ನಾಗರಾಜರಾವ್ 1965ರಲ್ಲಿ ಉತ್ಖನನ ಮಾಡಿ 1971ರಲ್ಲಿ ವರದಿ ಪ್ರಕಟಿಸಿದ ಹಳ್ಳೂರಿನ (ಹಾವೇರಿ ಜಿಲ್ಲೆ) ಕಾಳುಗಳಲ್ಲಿ ರಾಗಿಯನ್ನು ವಿಷ್ಣು ಮಿತ್ತರ್ ಗುರುತಿಸಿದ್ದರು. ದಕ್ಷಿಣದ ನವಶಿಲಾಯುಗದಲ್ಲಿ ರಾಗಿ ಇತ್ತು ಎಂಬ ಮಾತು ಪಠ್ಯಪುಸ್ತಕಗಳಿಗೆ ಬಂದದ್ದು ಮುಖ್ಯವಾಗಿ ಈ ದಾರಿಯಿಂದ. ಮೈಸೂರು ಸೀಮೆಯ ಓದುಗರಿಗೆ ಅದು ಸಹಜವಾಗಿಯೇ ಒಪ್ಪಿಗೆಯಾಯಿತು. ನಾವು ಉಣ್ಣುವ ಮುದ್ದೆಗೆ ಮೂರು ಸಾವಿರ ವರ್ಷಕ್ಕೂ ಮೀರಿದ ಹಿನ್ನೆಲೆ ಸಿಕ್ಕಂತಾಯಿತು.

ಆಫ್ರಿಕ ಮೂಲದ ಬೆಳೆಗಳ ಈ ಬಗೆಯ ಹಳೆಯ ಗುರುತುಗಳನ್ನು ಫುಲ್ಲರ್ 2003ರ ವಿಮರ್ಶೆಯಲ್ಲಿ ಒಂದೊಂದಾಗಿ ಪರಿಶೀಲಿಸಿ, ಅವುಗಳಲ್ಲಿ ಹಲವು ನಿಲ್ಲಲಾರವು ಎಂದು ತೋರಿಸಿದರು. ಕಾರಣ ತಾಂತ್ರಿಕವಾದದ್ದು. ಹೊಟ್ಟು ಕಳೆದು ಸುಟ್ಟ ಸಿರಿಧಾನ್ಯದ ಕಾಳುಗಳು ಒಂದೆರಡು ಮಿಲಿಮೀಟರ್ ಗಾತ್ರದ ಉಂಡೆಗಳು. ಬರಿಗಣ್ಣಿಗೆ ಒಂದೇ ತೆರ. ಬಿಡಿಸುವ ಗುರುತು ಮುಖ್ಯವಾಗಿ ಎರಡು: ಮೊಳಕೆಕುಳಿಯ ಉದ್ದ, ಮೇಲ್ಮೈಯ ಕೆತ್ತು. ರಾಗಿಯಲ್ಲಿ ಕುಳಿ ಗಿಡ್ಡ, ಮೇಲ್ಮೈ ತರಿತರಿ. ಕೊರಲೆಯಲ್ಲೂ ನವಣೆಯ ಕಾಡುಬಂಧುವಾದ ಸೆಟೇರಿಯಾ ವರ್ಟಿಸಿಲೇಟಾದಲ್ಲೂ ಕುಳಿ ಕಾಳಿನ ಅರ್ಧವನ್ನು ದಾಟುತ್ತದೆ. ಈ ಅಳತೆ ಇಲ್ಲದೆ, ಚಿತ್ರವೂ ಇಲ್ಲದೆ ಬರೆದ 'ರಾಗಿ' ಎಂಬ ಒಂದು ಪದವನ್ನು ದೃಢೀಕರಿಸಲೂ ಬರುವುದಿಲ್ಲ, ತಳ್ಳಿಹಾಕಲೂ ಬರುವುದಿಲ್ಲ. ಪೈಯಂಪಳ್ಳಿಯ ರಾಗಿಯನ್ನು ಸದ್ಯಕ್ಕೆ 'ಪ್ರಶ್ನಾರ್ಥಕ ಚಿಹ್ನೆಯೊಡನೆ' ನಮೂದಿಸುವುದು ಸೂಕ್ತ. ಹಳ್ಳೂರಿನ ಗುರುತು ಬಲವಾಗಿದ್ದಾಗ ಪೈಯಂಪಳ್ಳಿಯದು ಅದರಿಂದ ಬಲ ಪಡೆಯುತ್ತಿತ್ತು, ಅದು ಇದರಿಂದ. ಒಂದು ಸಡಿಲಿದರೆ ಇನ್ನೊಂದೂ ಸಡಿಲುತ್ತದೆ.

6. ಉತ್ತರದ ಹೋಲಿಕೆ

ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿ ಕಾಳುಗಳನ್ನು ಬೇರ್ಪಡಿಸುವ ಕ್ರಮಬದ್ಧ ಕೆಲಸ ದಕ್ಷಿಣದಲ್ಲಿ ವಿಸ್ತಾರವಾಗಿ ನಡೆದದ್ದು ಕರ್ನಾಟಕ ಮತ್ತು ಆಂಧ್ರದ ನೆಲೆಗಳಲ್ಲಿ: ಸಂಗನಕಲ್ಲು, ತೆಕ್ಕಲಕೋಟೆ, ಹಳ್ಳೂರು ಮೊದಲಾದವು. ಫುಲ್ಲರ್, ರವಿ ಕೋರಿಶೆಟ್ಟರ್, ಪಿ. ಸಿ. ವೆಂಕಟಸುಬ್ಬಯ್ಯ ಮತ್ತು ಸಂಗಡಿಗರು 2001 ಮತ್ತು 2004ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಮತ್ತೆ ಮತ್ತೆ ಕಾಣುವವು ನಾಲ್ಕು: ಹುರಳಿ, ಹೆಸರು, ಕೊರಲೆ, ಸೆಟೇರಿಯಾ ವರ್ಟಿಸಿಲೇಟಾ. ನಾಲ್ಕೂ ಈ ನೆಲದ ಸಸ್ಯಗಳೇ. ಗೋಧಿ, ಜವೆಗೋಧಿ ಉತ್ತರದಿಂದ, ಅವರೆ ಆಫ್ರಿಕದಿಂದ ಆಮೇಲೆ ಸೇರಿದಂತೆ ತೋರುತ್ತದೆ. ಫುಲ್ಲರ್, ನಿಕೋಲ್ ಬೋವಿನ್, ಕೋರಿಶೆಟ್ಟರ್ 2007ರಲ್ಲಿ ಕೊಟ್ಟ ಕಾಲಾನುಕ್ರಮದ ಪ್ರಕಾರ ಬೂದಿದಿಬ್ಬಗಳ ಆರಂಭ ಸುಮಾರು ಕ್ರಿ.ಪೂ. 3000, ಬೆಟ್ಟದ ಮೇಲಿನ ನೆಲೆನಿಂತ ಹಳ್ಳಿಗಳು, ಬೆಳೆಗಳ ಸ್ಪಷ್ಟ ಸಾಕ್ಷ್ಯ ಇದಕ್ಕಿಂತ ಗಣನೀಯವಾಗಿ ಈಚಿನವು.

ಈ ನಾಲ್ಕರಲ್ಲಿ ಎರಡು ಕಾಳುಗಳು ಪೈಯಂಪಳ್ಳಿಯಲ್ಲಿ ಇವೆ, ಎರಡು ಸಿರಿಧಾನ್ಯಗಳು ಇಲ್ಲ. ಈ 'ಇಲ್ಲ'ವನ್ನು ಇಲ್ಲವೆಂದೇ ಓದಬಾರದು. ಕೈಯಿಂದ ಹೆಕ್ಕುವ ಉತ್ಖನನದಲ್ಲಿ ಹುರಳಿಯ ಗಾತ್ರದ ಕಾಳು ಕಣ್ಣಿಗೆ ಬೀಳುತ್ತದೆ, ಕೊರಲೆಯದು ಮಣ್ಣಿನೊಡನೆ ಹೋಗುತ್ತದೆ. ವರದಿಯಾದ ರಾಗಿ ವಾಸ್ತವದಲ್ಲಿ ಕೊರಲೆಯೇ ಆಗಿದ್ದೀತೇ ಎಂಬ ಊಹೆ ಇಲ್ಲಿ ಸಹಜವಾಗಿ ಏಳುತ್ತದೆ. ಹಾಗಿದ್ದರೆ ಪೈಯಂಪಳ್ಳಿ ಬಳ್ಳಾರಿಯ ಮಾದರಿಗೆ ತುಂಬ ಹತ್ತಿರ ಬರುತ್ತದೆ. ಅದು ಆಕರ್ಷಕ ಊಹೆ ಎಂಬ ಕಾರಣಕ್ಕೇ ಎಚ್ಚರ ಬೇಕು.

ಹೆಸರಿನ ಕಾಡುಪೂರ್ವಜ ಪಶ್ಚಿಮಘಟ್ಟಗಳಲ್ಲೂ ಪೂರ್ವಘಟ್ಟಗಳಲ್ಲೂ ಬೆಳೆಯುತ್ತದೆ. ಹುರಳಿಯ ಕಾಡುಬಂಧುಗಳು ಒಣ ಹುಲ್ಲುಗಾವಲು–ಕುರುಚಲಿನವು. ಶೆವರಾಯ್, ಜವ್ವಾದಿ ಸಾಲುಗಳ ಇಳಿಜಾರಿನಲ್ಲಿ ಈ ಎರಡೂ ಪರಿಸರಗಳು ಕೆಲವೇ ಕಿಲೋಮೀಟರ್ ಅಂತರದಲ್ಲಿ ಕೂಡುತ್ತವೆ: ಬಯಲು ಕುರುಚಲು, ನಡುವೆ ಎಲೆಯುದುರುವ ಕಾಡು, ಸುಮಾರು 1,500 ಮೀಟರಿನಲ್ಲಿ ಏರ್ಕಾಡಿನ ತಂಪು ನೆಲ. ಕಾಡುಪೂರ್ವಜದ ನೆಲೆ ಎಂಬ ಸೀಮಿತ ಅರ್ಥದಲ್ಲಿ ಈ ಬೆಟ್ಟಸೀಮೆಯನ್ನು ಹೆಸರಿನ ಸಂಭಾವ್ಯ ತವರಿನ ಒಂದು ಭಾಗವೆಂದು ಕರೆಯಬಹುದು. ಸಾಗುವಳಿಯ ಮೊದಲ ನೆಲೆ ಎನ್ನಲು ಆಧಾರವಿಲ್ಲ. ಈಗಿನ ದಿನಾಂಕಗಳ ಒಲವು ಉತ್ತರಕ್ಕಿದೆ. ಆದರೆ ಹೆಚ್ಚಿನ ದಿನಾಂಕಗಳನ್ನು ತೆಗೆದದ್ದೂ ಉತ್ತರದಲ್ಲೇ.

ಮಳೆಯ ಲೆಕ್ಕವೂ ಇದಕ್ಕೆ ಸಂಬಂಧಿಸಿದ್ದು. ನಾಲ್ಕೂ ಬೆಳೆಗಳು ಮುಂಗಾರಿನವು ಇಲ್ಲವೇ ಮುಂಗಾರಿನ ಕೊನೆಯವು. ಸೇಲಂ–ಧರ್ಮಪುರಿಗೆ ಎರಡೂ ಮಾನ್ಸೂನುಗಳ ಮಳೆ ಬೀಳುತ್ತದೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹೆಚ್ಚು. ಬಳ್ಳಾರಿಯಲ್ಲೂ ಸೆಪ್ಟೆಂಬರಿನ ಮಳೆಯೇ ದೊಡ್ಡದು. ಬಿತ್ತನೆಯ ಪಂಚಾಂಗವನ್ನು ಹೆಚ್ಚು ಬದಲಿಸದೆ ಈ ಬೆಳೆಗಳು ಎರಡೂ ಸೀಮೆಗಳ ನಡುವೆ ಓಡಾಡಬಹುದಿತ್ತು. ಕರಾವಳಿಯತ್ತ ಇಳಿದಂತೆ ಹಿಂಗಾರೇ ಪ್ರಧಾನವಾಗುತ್ತದೆ. ಅಲ್ಲಿ ಅದೇ ಮಾತು ಹೇಳಲಾಗದು. ಇದು ತರ್ಕ ಮಾತ್ರ, ಸಾಕ್ಷ್ಯವಲ್ಲ.

7. ಇಂದಿನ ಹೊಲ ಮತ್ತು ಇಂದಿನ ಹೆಸರು

ಕೊಲ್ಲಿ ಬೆಟ್ಟದ ಮಲಯಾಳಿ ಸಮುದಾಯದ ಹೊಲಗಳಲ್ಲಿ ಸಾಮೆ, ರಾಗಿ, ನವಣೆಗಳ ಅನೇಕ ತಳಿಗಳು ಉಳಿದಿವೆ, ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ 1990ರ ದಶಕದಿಂದ ಅವುಗಳ ಉಳಿವಿಗಾಗಿ ಅಲ್ಲಿ ದುಡಿದಿದೆ. ಸೇಲಂ ಸೀಮೆಯ ಸಾಬೂದಾನಿ ಉದ್ಯಮಕ್ಕೆ ಬೇಕಾದ ಮರಗೆಣಸು ಆ ಹೊಲಗಳನ್ನು ಆಕ್ರಮಿಸುತ್ತಿರುವಾಗ ಆ ಕೆಲಸದ ಬೆಲೆ ದೊಡ್ಡದು. ಆದರೆ ತಳಿವೈವಿಧ್ಯವನ್ನು ನವಶಿಲಾಯುಗದಿಂದ ಬಂದ ಅಖಂಡ ಪರಂಪರೆಯ ಪುರಾವೆಯಾಗಿ ಮಂಡಿಸುವುದು ಇನ್ನೊಂದು ಮಾತು. ತಮ್ಮ ಹಿರಿಯರು ಕಾಂಚೀಪುರದಿಂದ ಬಂದವರು ಎಂಬುದು ಆ ಸಮುದಾಯದ ಸ್ವಂತ ಐತಿಹ್ಯ. ಅದನ್ನು ಅಕ್ಷರಶಃ ಇತಿಹಾಸವೆಂದು ಒಪ್ಪಬೇಕಿಲ್ಲ. ಬದಿಗೆ ಸರಿಸಿ ನಾವೇ ಒಂದು ಪ್ರಾಚೀನತೆಯನ್ನು ಅವರ ಮೇಲೆ ಹೊರಿಸುವುದೂ ಸಲ್ಲದು.

ಭಾಷೆಯ ಗಡಿಯಲ್ಲಿ ಇನ್ನೊಂದು ತೊಡಕಿದೆ. ಧರ್ಮಪುರಿ, ಕೃಷ್ಣಗಿರಿಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಆಡುನುಡಿಗಳು; ನೊಳಂಬರ ಕಾಲದ ಕನ್ನಡ ಶಾಸನಗಳು ಧರ್ಮಪುರಿಯಲ್ಲೇ ಇವೆ. ಇಂಥ ಕಡೆ ಬೆಳೆಯ ಹೆಸರು ಭಾಷೆ ದಾಟುವಾಗ ಬೆಳೆಯೇ ಬದಲಾಗುತ್ತದೆ. ತಮಿಳಿನ ವರಗು ಎಂದರೆ ನಮ್ಮ ಹಾರಕ. ನಮ್ಮ ಬರಗು ತಮಿಳಿಗೆ ಪನಿವರಗು. ರಾಗಿಗೆ ಅಲ್ಲಿ ಕೇಳ್ವರಗು ಎಂಬ ಹೆಸರುಂಟು. ತಮಿಳು ಮೂಲದ 'ವರಗು' ಕನ್ನಡದಲ್ಲಿ ಧ್ವನಿಸಾಮ್ಯದಿಂದ 'ಬರಗು' ಆದರೆ ಒಂದು ಧಾನ್ಯ ಇನ್ನೊಂದಾಗುತ್ತದೆ. ಹುರಳಿಗೆ ಈ ಅಪಾಯ ಕಡಿಮೆ: ತಮಿಳಿನ ಕೊಳ್ಳು, ತೆಲುಗಿನ ಉಲವ, ತುಳುವಿನ ಕುಡು, ಕನ್ನಡದ ಹುರಳಿ ಇವು ತೋರುವುದು ಒಂದೇ ಕಾಳನ್ನು.

ಊರ ಹೆಸರಿಗೂ ಇದೇ ಎಚ್ಚರ ಸಲ್ಲುತ್ತದೆ. ಬಿ. ನರಸಿಂಹಯ್ಯ ಅವರ 1980ರ ಗ್ರಂಥದಿಂದ ಪರಿಚಿತವಾದ ನವಶಿಲಾಯುಗದ ನೆಲೆಗಳಲ್ಲಿ ಮುಲ್ಲಿಕಾಡು, ದೈಲಮಲೈಗಳ ಜತೆ ತೊಗರಪಳ್ಳಿಯೂ ಇದೆ. ಹೆಸರಿನಲ್ಲಿ ತೊಗರಿಯನ್ನು ಕೇಳುವುದು ಕನ್ನಡ ಕಿವಿಗೆ ಸುಲಭ. ತೊಗರಿಯ ಕಾಡುಪೂರ್ವಜ ಇರುವುದು ಒಡಿಶಾ–ಬಸ್ತರ್ ಕಡೆ. ಊರಿನ ಹೆಸರು ಆ ನೆಲೆಗಿಂತ ಸಾವಿರಾರು ವರ್ಷ ಕಿರಿಯದಿರಬಹುದು. ಎರಡನ್ನೂ ಜೋಡಿಸಬಾರದು.

8. ಮಯಿಲಾಡುಂಪಾರೈ ದಿನಾಂಕಗಳು

ತೊಗರಪಳ್ಳಿಗೆ ಸಮೀಪದ ಮಯಿಲಾಡುಂಪಾರೈಯಲ್ಲಿ (ಕೃಷ್ಣಗಿರಿ ಜಿಲ್ಲೆ) ತಮಿಳುನಾಡು ಪುರಾತತ್ತ್ವ ಇಲಾಖೆ 2021ರಲ್ಲಿ ನಡೆಸಿದ ಉತ್ಖನನದ ಎರಡು ಮಾದರಿಗಳಿಗೆ ಕ್ರಿ.ಪೂ. 1615 ಮತ್ತು ಕ್ರಿ.ಪೂ. 2172 ಎಂಬ ದಿನಾಂಕಗಳು 2022ರ ಮೇ ತಿಂಗಳಲ್ಲಿ ಪ್ರಕಟವಾದವು. ಚರ್ಚೆ ನಡೆದದ್ದು ಕಬ್ಬಿಣದ ಪ್ರಾಚೀನತೆಯ ಸುತ್ತ. ಬೇಸಾಯದ ಇತಿಹಾಸಕ್ಕೂ ಅವುಗಳ ಪ್ರಸ್ತುತತೆ ಇದೆ, ಎರಡು ಮಿತಿಗಳೊಡನೆ. ಇವು ಒಂದೊಂದು ವರ್ಷದ ಅಂಕಿಗಳಂತೆ ಕಂಡರೂ ವಾಸ್ತವದಲ್ಲಿ ಸಂಭಾವ್ಯತೆಯ ಹರವಿನ ಮಧ್ಯಬಿಂದುಗಳು. '2172' ಎಂಬ ನಾಲ್ಕನೆಯ ಅಂಕಿಯ ನಿಖರತೆಯನ್ನು ಅವು ಹೊರಲಾರವು. ಅಲ್ಲದೆ ಇದ್ದಿಲಿನ ದಿನಾಂಕ ಮರದ ದಿನಾಂಕ. ಹಳೆಯ ಮರದ ತಿರುಳಾಗಿದ್ದರೆ ಪದರಕ್ಕಿಂತ ಹಿಂದೆ ಹೋಗುತ್ತದೆ. ಒಂದೇ ವರ್ಷ ಬಾಳುವ ಹುರಳಿ ಕಾಳಿನ ನೇರ ದಿನಾಂಕಕ್ಕೆ ಈ ದೋಷವಿಲ್ಲ.

ಈ ದಿನಾಂಕಗಳು ಸ್ಥೂಲವಾಗಿ ನಿಂತರೂ ಸಾಕು, ಹಳೆಯ ಕ್ರಮವೊಂದನ್ನು ಮರಳಿ ನೋಡಬೇಕಾಗುತ್ತದೆ. ಕಲ್ಲುಕೊಡಲಿ ಮೊದಲು, ಕಬ್ಬಿಣ ಆಮೇಲೆ. ಹೊಲಕ್ಕೆ ಕಾಡು ಕಡಿದದ್ದು ಕಲ್ಲಿನಿಂದ, ಎಂಬುದು ಆ ಕ್ರಮ. ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಈ ಬೆಟ್ಟಗಳ ಬುಡದಲ್ಲಿ ಎರಡೂ ಜತೆಯಾಗಿ ಬಳಕೆಯಲ್ಲಿದ್ದವು ಎಂದಾದರೆ, ಶೆವರಾಯ್ ಮೇಲೆ ಹೆಕ್ಕಿದ ಕೊಡಲಿಯೊಂದನ್ನು ಅದರ ಆಕಾರ ನೋಡಿ ನವಶಿಲಾಯುಗಕ್ಕೆ ಸೇರಿಸುವುದು ಇನ್ನು ಕಷ್ಟ. ಫೂಟ್ ಸಂಗ್ರಹದ ಯಾವ ಕೊಡಲಿಯೂ ಅದನ್ನು ತೀರ್ಮಾನಿಸಲಾರದು, ಅವೆಲ್ಲ ಮೇಲ್ನೆಲದವು. ಅದಕ್ಕೆ ಬೇಕಾದದ್ದು ಕದಡದ ಪದರದೊಳಗೆ ಕಾಳಿನೊಡನೆ ಸಿಕ್ಕ ಕೊಡಲಿ.